ಬಲ್ಲವನು ಎಳೆಯನೊಂದಿಗೆ ಆಡುವಾಗ

ಕೆಲವು ತಿಂಗಳ ಹಿಂದಿನ ಒಂದು ಭಾನುವಾರ. ಎರಡನೆಯ ಬಲಿಪೂಜೆ ಮುಗಿದು ಜನರೆಲ್ಲ ಚದುರಿದ್ದರು. ನಾನು ಪೂಜಾವಸ್ತ್ರ ತೆಗೆದಿಟ್ಟು ಹೊರಬರುವಷ್ಟರಲ್ಲಿ ನಮ್ಮ ಧರ್ಮಕೇಂದ್ರದ ಒಬ್ಬ ಯುವಕ ಬಾಗಿಲ ಬಳಿ ಕಾಯುತ್ತ ನಿಂತಿದ್ದ. ಮೂವತ್ತು ದಾಟಿದ ವಯಸ್ಸು. ಮದುವೆಯಾಗಿದೆ, ಒಳ್ಳೆಯ ಕೆಲಸದಲ್ಲಿದ್ದಾನೆ. "ಫಾದರ್, ಪಾಪನಿವೇದನೆ ಅಲ್ಲ, ಬರೀ ಒಂದು ಪ್ರಶ್ನೆ" ಎಂದ. ಇದನ್ನು ಇಲ್ಲಿ ಬರೆಯಲು ಅವನೇ ಒಪ್ಪಿಗೆ ಕೊಟ್ಟಿದ್ದಾನೆ. ಹೆಸರು ಮಾತ್ರ ಬೇಡವೆಂದಿದ್ದಾನೆ.

ಅವನಿಗೆ ಪೂಲ್ ಆಟದ ಹುಚ್ಚು. ಹನ್ನೆರಡು ವರ್ಷಗಳಿಂದ ಆಡುತ್ತಿದ್ದಾನೆ. ಆ ವಾರ ಒಂದು ಕ್ಲಬ್ಬಿನಲ್ಲಿ ಪಂದ್ಯಾವಳಿ ಇತ್ತು. ಮೊದಲ ಸುತ್ತಿನಲ್ಲಿ ಅವನಿಗೆ ಎದುರಾಳಿಯಾಗಿ ಸಿಕ್ಕಿದವನು ಪಿ.ಯು.ಸಿ. ಓದುವ ಒಬ್ಬ ಹುಡುಗ. ಅದು ಆ ಹುಡುಗನ ಮೊದಲ ಪಂದ್ಯಾವಳಿ. ಮೂರು ಗಂಟೆ ಬಸ್ಸಿನಲ್ಲಿ ಕೂತು ತಂದೆಯೇ ಅವನನ್ನು ಕರೆತಂದಿದ್ದರು. ಮೊದಲು ಐದು ಆಟ ಗೆದ್ದವರಿಗೆ ಪಂದ್ಯ. ನಮ್ಮವನು 5–0ಯಿಂದ ಗೆದ್ದ. ಆದರೆ ಹೆಚ್ಚಾಗಿ ಚೆಂಡು ಹಾಕಿ ಗೆದ್ದದ್ದಲ್ಲ; ಹುಡುಗನಿಗೆ ಚೆಂಡೇ ಕಾಣದಂತೆ ಮಾಡಿ ಗೆದ್ದದ್ದು. ಪಂದ್ಯ ಮುಗಿದ ಮೇಲೆ ಹುಡುಗ ಕೈಕುಲುಕಿ, ಕೋಲನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ತಂದೆ ಮಾತ್ರ ಒಂದು ಕ್ಷಣ ನಿಂತು, ಸಿಟ್ಟಿಲ್ಲದೆ, "ನನ್ನ ಮಗ ಆಡಿದ್ದನ್ನು ನಾನು ನೋಡಲೇ ಇಲ್ಲವಲ್ಲ ಸಾರ್" ಎಂದರಂತೆ.

"ಫಾದರ್, ನಾನು ಮಾಡಿದ್ದು ತಪ್ಪಾ?"

ನನಗೆ ಮುಂದೆ ಒಂದು ಜ್ಞಾನಸ್ನಾನವಿತ್ತು. "ನಿಯಮ ಮೀರಿಲ್ಲ ತಾನೇ? ಹಾಗಾದರೆ ತಪ್ಪೇನೂ ಇಲ್ಲಪ್ಪಾ, ನೆಮ್ಮದಿಯಾಗಿ ಹೋಗು" ಎಂದುಬಿಟ್ಟೆ. ಅವನು ತಲೆಯಾಡಿಸಿ ಹೋದ. ಆದರೆ ಆ ತಂದೆಯ ಮಾತು ನನ್ನನ್ನು ಬಿಡಲಿಲ್ಲ. ರಾತ್ರಿ ಪ್ರಾರ್ಥನೆಯ ಹೊತ್ತಿನಲ್ಲೂ ಅದೇ ಕಿವಿಯಲ್ಲಿತ್ತು. ಅಷ್ಟು ಬೇಗ ಉತ್ತರ ಕೊಟ್ಟದ್ದು ಸರಿಯಾಗಲಿಲ್ಲ ಎನ್ನಿಸಿತು. ಈ ಲೇಖನ ಆ ಪ್ರಶ್ನೆಗೆ ನಿಧಾನವಾಗಿ ಉತ್ತರ ಹುಡುಕುವ ಪ್ರಯತ್ನ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಅವರು ಆಡಿದ್ದು ನೈನ್-ಬಾಲ್. ಮೇಜಿನ ಮೇಲೆ 1ರಿಂದ 9ರವರೆಗೆ ಅಂಕೆ ಬರೆದ ಚೆಂಡುಗಳು, ಜೊತೆಗೆ ಒಂದು ಬಿಳಿ ಚೆಂಡು. ಬಿಳಿ ಚೆಂಡನ್ನು ಕೋಲಿನಿಂದ ಹೊಡೆದು, ಮೇಜಿನ ಮೇಲಿರುವುದರಲ್ಲಿ ಅತಿ ಸಣ್ಣ ಅಂಕೆಯ ಚೆಂಡಿಗೆ ಮೊದಲು ತಾಗಿಸಬೇಕು. ಒಂಬತ್ತನೆಯದನ್ನು ನಿಯಮದಂತೆ ಗುಳಿಗೆ ಬೀಳಿಸಿದವನು ಆ ಆಟ ಗೆದ್ದ. ಚೆಂಡು ಬೀಳಿಸುವ ಅವಕಾಶ ಇಲ್ಲದಿದ್ದಾಗ, ಅಥವಾ ಬೇಡವೆನ್ನಿಸಿದಾಗ, ಬಿಳಿ ಚೆಂಡನ್ನು ಬೇರೊಂದು ಚೆಂಡಿನ ಹಿಂದೆ ಅಡಗಿಸಿಟ್ಟು ಎದುರಾಳಿಗೆ ದಾರಿ ಮುಚ್ಚಬಹುದು. ಇದಕ್ಕೆ ಸೇಫ್ಟಿ ಎನ್ನುತ್ತಾರೆ. ಎದುರಾಳಿ ಸರಿಯಾದ ಚೆಂಡನ್ನು ತಾಗಿಸಲಾಗದಿದ್ದರೆ ಫೌಲ್. ಆಗ ಬಿಳಿ ಚೆಂಡನ್ನು ಕೈಯಲ್ಲಿ ಹಿಡಿದು, ಮೇಜಿನ ಮೇಲೆ ಬೇಕಾದಲ್ಲಿ ಇಟ್ಟು ಆಡುವ ಹಕ್ಕು ಇವನಿಗೆ. ಆ ಪಂದ್ಯದಲ್ಲಿ ಇನ್ನೊಂದು ನಿಯಮವೂ ಇತ್ತು: ಒಂದೇ ಆಟದಲ್ಲಿ ಸತತ ಮೂರು ಫೌಲ್ ಮಾಡಿದವನು ಆ ಆಟವನ್ನೇ ಸೋಲುತ್ತಾನೆ.

ನಮ್ಮವನು ಮಾಡಿದ್ದು ಇಷ್ಟು. ಹುಡುಗನಿಗೆ ದಾರಿ ಮುಚ್ಚಿದ. ಹುಡುಗ ಫೌಲ್ ಮಾಡಿದ. ಬಿಳಿ ಚೆಂಡು ಕೈಗೆ ಬಂದಾಗ, ಎದುರಿಗೆ ಬೀಳಿಸುವ ಚೆಂಡಿದ್ದರೂ ಬೀಳಿಸದೆ, ಮತ್ತೆ ದಾರಿ ಮುಚ್ಚಿದ. ಮತ್ತೆ ಫೌಲ್. ಮತ್ತೆ ಮುಚ್ಚಿದ. ಹೀಗೆ ಐದರಲ್ಲಿ ಎರಡು ಆಟಗಳು ಮೂರು ಫೌಲುಗಳಲ್ಲೇ ಮುಗಿದವು.

ಮೊದಲ ಪ್ರಶ್ನೆ: ದಾರಿ ಮುಚ್ಚುವುದೇ ತಪ್ಪೇ? ಹೊಂಚು ಹಾಕುವುದು, ಮರೆಮಾಡುವುದು ಮೋಸದ ತಂಗಿಯರಂತೆ ಕಾಣುತ್ತವೆ. ಸಂತ ತೋಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿ ಯುದ್ಧದ ಬಗ್ಗೆ ಬರೆಯುತ್ತ ಇಂಥದೇ ಪ್ರಶ್ನೆ ಕೇಳಿಕೊಂಡಿದ್ದಾರೆ: ಹೊಂಚುದಾಳಿ ನ್ಯಾಯವೇ? ಶತ್ರುವಿಗೆ ಸುಳ್ಳು ಹೇಳುವುದು, ಕೊಟ್ಟ ಮಾತು ಮುರಿಯುವುದು ಎಂದಿಗೂ ಸಲ್ಲದು; ಆದರೆ ನಮ್ಮ ಉದ್ದೇಶವನ್ನು ಅವನಿಗೆ ಬಿಚ್ಚಿ ಹೇಳಬೇಕಾದ ಕರ್ತವ್ಯ ನಮಗಿಲ್ಲ ಎಂಬುದು ಅವರ ಉತ್ತರದ ಸಾರಾಂಶ. ಯುದ್ಧಕ್ಕೇ ಈ ಮಾತು ಒಪ್ಪುವುದಾದರೆ ಆಟಕ್ಕೆ ಖಂಡಿತ ಒಪ್ಪುತ್ತದೆ. ಸೇಫ್ಟಿಯಲ್ಲಿ ಸುಳ್ಳಿಲ್ಲ. ಚೆಂಡು ಎಲ್ಲಿದೆ ಎಂಬುದು ಇಬ್ಬರ ಕಣ್ಣೆದುರಿಗೇ ಇದೆ.

ಪೂಲ್ ಲೋಕದಲ್ಲಿ ನಿಜವಾದ ಮೋಸಗಳು ಬೇರೆಯೇ ಇವೆ. ಎದುರಾಳಿ ಹೊಡೆಯುವ ಹೊತ್ತಿಗೆ ಕೆಮ್ಮುವುದು, ಅವನ ಕಣ್ಣ ನೇರಕ್ಕೆ ಬಂದು ನಿಲ್ಲುವುದು ಒಂದು. ಅಮೆರಿಕದ ಲೀಗುಗಳಲ್ಲಿ ಬಲ್ಲವರಿಗೂ ಕಲಿಯುವವರಿಗೂ ಸಮತೋಲ ತರಲು ಹ್ಯಾಂಡಿಕ್ಯಾಪ್ ಎಂಬ ಏರ್ಪಾಡಿದೆ. ಬಲಶಾಲಿ ಹೆಚ್ಚು ಆಟ ಗೆಲ್ಲಬೇಕು, ದುರ್ಬಲನಿಗೆ ಕಡಿಮೆ ಸಾಕು. ಆ ಲಾಭಕ್ಕಾಗಿ ಬೇಕೆಂದೇ ಕೆಟ್ಟದಾಗಿ ಆಡಿ ತನ್ನ ಕೈಚಳಕ ಬಚ್ಚಿಡುವವರುಂಟು. ಇದು ಸುಳ್ಳು. ಚೆಂಡು ಬಚ್ಚಿಡುವವನು ಆಟ ಆಡುತ್ತಾನೆ. ತನ್ನನ್ನೇ ಬಚ್ಚಿಡುವವನು ಆಟವನ್ನು ಕೆಡಿಸುತ್ತಾನೆ.

ದಾರಿ ಮುಚ್ಚಿದಾಗಲೇ ದಾರಿ ಹುಡುಕುವ ವಿದ್ಯೆ ಬೆಳೆಯುತ್ತದೆ ಎಂಬುದನ್ನೂ ಹೇಳಬೇಕು. ಫಿಲಿಪ್ಪೀನ್ಸಿನ ಎಫ್ರೆನ್ ರೇಯಸ್ 1954ರಲ್ಲಿ ಹುಟ್ಟಿದವರು. ಮನಿಲಾದಲ್ಲಿ ಸೋದರಸಂಬಂಧದ ಹಿರಿಯರೊಬ್ಬರ ಪೂಲ್ ಹಾಲಿನಲ್ಲಿ ಬೆಳೆದರು. ಮೇಜಿಗೆ ಕೈ ಎಟುಕದ ವಯಸ್ಸಿನಲ್ಲಿ ತಂಪುಪಾನೀಯದ ಪೆಟ್ಟಿಗೆಗಳ ಮೇಲೆ ನಿಂತು ದೊಡ್ಡವರೊಡನೆ ಆಡುತ್ತಿದ್ದರು. 1995ರಲ್ಲಿ ಅಮೆರಿಕದ ರೀನೋ ನಗರದಲ್ಲಿ ಅರ್ಲ್ ಸ್ಟ್ರಿಕ್ಲಂಡ್ ಎಂಬ ಚಾಂಪಿಯನ್ ಅವರಿಗೆ ದಾರಿ ಮುಚ್ಚಿದಾಗ, ಬಿಳಿ ಚೆಂಡನ್ನು ಮೇಜಿನ ಅಂಚುಗಳಿಗೆ ಬಡಿಸಿ, ಹಾವಿನಂತೆ ಸುತ್ತಿಸಿ, ಅಡಗಿದ್ದ ಚೆಂಡನ್ನೇ ಗುಳಿಗೆ ಬೀಳಿಸಿದರು. ಆಟಗಾರರು ಅದನ್ನು ಇಂದಿಗೂ ಝಡ್ ಶಾಟ್ ಎಂದು ನೆನೆಯುತ್ತಾರೆ. 1999ರಲ್ಲಿ ಅವರು ವಿಶ್ವ ಚಾಂಪಿಯನ್ ಆದರು. ಚಿಕ್ಕಂದಿನಲ್ಲಿ ಎಲ್ಲರೂ ಕರುಣೆಯಿಂದ ದಾರಿ ಬಿಟ್ಟುಕೊಟ್ಟಿದ್ದರೆ ಈ ಕೈ ಬರುತ್ತಿತ್ತೇ?

ಹಾಗಾದರೆ ಎರಡನೆಯ ಪ್ರಶ್ನೆ: ಎಳೆಯನೆಂದು ಕೈ ಸಡಿಲಿಸಿ ಆಡುವುದು ಪುಣ್ಯವೇ? ಇಲ್ಲಿ ನನ್ನದೇ ಒಂದು ನೆನಪು. ನಾನು ಕಿರಿಯ ಗುರುಮಠದಲ್ಲಿದ್ದಾಗ ಒಂದು ಸಲ ಮನೆಯಿಂದ ಕೆಟ್ಟ ಸುದ್ದಿ ಬಂದಿತ್ತು. ಆ ವಾರವೆಲ್ಲ ಸಂಜೆಯ ವಿರಾಮದಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರು ನನ್ನ ಜೊತೆ ಕೇರಂ ಆಡಿದರು. ಗುರುಮಠಕ್ಕೇ ಅವರು ಒಳ್ಳೆಯ ಆಟಗಾರ. ಆದರೂ ನಾನು ದಿನಾ ಗೆದ್ದೆ. ಎಷ್ಟು ಹಿಗ್ಗಿದೆನೆಂದರೆ ಮನೆಗೆ ಪತ್ರದಲ್ಲೂ ಬರೆದೆ. ಅವರು ಬೇಕೆಂದೇ ಸೋತರೆಂದು ಆಮೇಲೆ ಯಾರೋ ಹೇಳಿದರು. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೂ ಅಂದು ಆದ ನೋವು ಸಣ್ಣದಲ್ಲ. ಅವರು ನನ್ನ ಜೊತೆ ಆಡಿರಲೇ ಇಲ್ಲ, ನನ್ನನ್ನು ಆಡಿಸುತ್ತಿದ್ದರು. ಸೋಲಿಸುವಷ್ಟು ಗೌರವವನ್ನೂ ನನಗೆ ಕೊಟ್ಟಿರಲಿಲ್ಲ.

ಪಂದ್ಯಾವಳಿಯಲ್ಲಿ ಇನ್ನೊಂದು ಕಾರಣವೂ ಇದೆ. ಅಲ್ಲಿ ಇಬ್ಬರೇ ಇರುವುದಿಲ್ಲ. ನಾನು ಒಬ್ಬನಿಗೆ ಕೈ ಸಡಿಲಿಸಿದರೆ, ಮುಂದಿನ ಸುತ್ತಿನಲ್ಲಿ ಕಾಯುತ್ತಿರುವ ಮೂರನೆಯವನಿಗೆ ಅನ್ಯಾಯ. ಎಲ್ಲರೂ ಪ್ರವೇಶ ಶುಲ್ಕ ಕಟ್ಟಿ ಬಂದಿರುವುದು ಪ್ರತಿಯೊಬ್ಬನೂ ತನ್ನ ಪೂರ್ಣ ಶಕ್ತಿಯಿಂದ ಆಡುತ್ತಾನೆಂಬ ನಂಬಿಕೆಯ ಮೇಲೆ. ಮನೆಯಲ್ಲಿ ಆರು ವರ್ಷದ ಮಗಳೊಡನೆ ಹಾವು-ಏಣಿ ಆಡುವಾಗಿನ ಲೆಕ್ಕ ಇಲ್ಲಿ ಬಾರದು. ಎಳೆಯರೆಲ್ಲ ದುರ್ಬಲರೂ ಅಲ್ಲ. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಪ್ರಶಸ್ತಿ ಗೆದ್ದಾಗ ಅವರಿಗೆ 18 ವರ್ಷ ಮಾತ್ರ.

ಇಷ್ಟು ಯೋಚಿಸಿದ ಮೇಲೆ, ನಾನು ಮೊದಲು ಕೊಟ್ಟ ಉತ್ತರವೇ ಸರಿಯಾಯಿತಲ್ಲ ಎನ್ನಬಹುದು. ಆದರೆ ಗುರುಮಠದ ನೀತಿಶಾಸ್ತ್ರದ ತರಗತಿಯಲ್ಲಿ ನಮಗೆ ಕಲಿಸಿದ್ದು ಒಂದು ಕೃತ್ಯವನ್ನು ಮೂರು ಕಡೆಯಿಂದ ನೋಡಬೇಕೆಂದು: ಕೃತ್ಯ ಯಾವುದು, ಉದ್ದೇಶ ಏನು, ಸಂದರ್ಭ ಎಂಥದು. ನಾನು ಅಂದು ಮೊದಲನೆಯದನ್ನು ನೋಡಿ ಕಡತ ಮುಚ್ಚಿದ್ದೆ. ಆದ್ದರಿಂದ ಮುಂದಿನ ಭಾನುವಾರ ಅವನನ್ನು ನಾನೇ ಕರೆದು ಕೂರಿಸಿ ಕೇಳಿದೆ: "ಚೆಂಡು ನಿನ್ನ ಕೈಯಲ್ಲಿತ್ತು, ಗುಳಿ ಎದುರಿಗಿತ್ತು. ಆದರೂ ಮತ್ತೆ ಯಾಕೆ ದಾರಿ ಮುಚ್ಚಿದೆ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಮೊದಲ ಎರಡು ಆಟದಲ್ಲಿ ಭಯ ಇತ್ತು ಫಾದರ್. ಈ ಹುಡುಗನಿಗೆ ಸೋತರೆ ಕ್ಲಬ್ಬಿನಲ್ಲಿ ಮುಖ ತೋರಿಸುವುದು ಹೇಗೆ ಅಂತ. ಕೈ ನಡುಗುತ್ತಿತ್ತು, ಅದಕ್ಕೇ ಹೊಡೆಯುವ ಧೈರ್ಯ ಬರಲಿಲ್ಲ." ಮತ್ತೆ ನಿಲ್ಲಿಸಿ, "ನಾಲ್ಕನೆಯ ಆಟದ ಹೊತ್ತಿಗೆ ಭಯ ಇರಲಿಲ್ಲ. ಅವನು ಮೇಜಿನ ಸುತ್ತ ತಿರುಗಿ ತಿರುಗಿ ದಾರಿ ಹುಡುಕುತ್ತಿದ್ದ. ಅದನ್ನು ನೋಡುವುದಕ್ಕೆ... ಚೆನ್ನಾಗಿತ್ತು ಫಾದರ್" ಎಂದ.

ಪ್ರಿಯ ಓದುಗರೇ, ನನ್ನ ಮಟ್ಟಿಗೆ ಪ್ರಶ್ನೆ ಇದ್ದುದು ಇಲ್ಲಿ. ಮೊದಲ ಆಟದಲ್ಲಿ ಬಿಳಿ ಚೆಂಡು ಎಲ್ಲಿ ಅಡಗಿತ್ತೋ ನಾಲ್ಕನೆಯ ಆಟದಲ್ಲೂ ಹೆಚ್ಚುಕಡಿಮೆ ಅಲ್ಲೇ ಅಡಗಿತ್ತು. ನೋಡುವವರ ಕಣ್ಣಿಗೆ ಎರಡೂ ಒಂದೇ ಹೊಡೆತ. ಆದರೆ ಒಂದು ಹೊಡೆತ ಗೆಲುವಿನತ್ತ ನೋಡುತ್ತಿತ್ತು. ಇನ್ನೊಂದು ಎದುರಿಗಿದ್ದವನ ನಿಸ್ಸಹಾಯಕತೆಯತ್ತ. ಗೆಲುವನ್ನು ಬಯಸುವವನಿಗೆ ಎದುರಾಳಿ ಬೇಕು. ನಿಸ್ಸಹಾಯಕತೆಯನ್ನು ಸವಿಯುವವನಿಗೆ ಎದುರಾಳಿ ಬೇಡ, ಒಂದು ವಸ್ತು ಸಾಕು. ನಾಲ್ಕನೆಯ ಆಟದಲ್ಲಿ ಆ ಹುಡುಗ ಒಂದು ವಸ್ತುವಾಗಿದ್ದ. "ನನ್ನ ಮಗ ಆಡಿದ್ದನ್ನು ನೋಡಲಿಲ್ಲ" ಎಂದ ತಂದೆ ಬಹುಶಃ ಇದನ್ನೇ ಕಂಡಿದ್ದರು.

ಸಂದರ್ಭದ ಮಾತಿಗೆ ಬರೋಣ. ಸಂತ ತೋಮಸರು ಆಟ-ವಿನೋದಗಳ ಬಗ್ಗೆಯೂ ಬರೆದಿದ್ದಾರೆ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಸದಾ ಬಿಗಿದಿಟ್ಟ ಬಿಲ್ಲು ಮುರಿಯುವಂತೆ ಮನಸ್ಸಿಗೂ ವಿಶ್ರಾಂತಿ ಬೇಕು, ಆದ್ದರಿಂದ ಆಟವೂ ಒಳ್ಳೆಯದೇ ಎಂಬುದು ಅವರ ನಿಲುವು. ಅದಕ್ಕೆ ಅವರು ಹಾಕುವ ಎಚ್ಚರಿಕೆಗಳಲ್ಲಿ ಕೊನೆಯದು: ಆಟವು ಹೊತ್ತಿಗೆ, ಸ್ಥಳಕ್ಕೆ ಮತ್ತು ಎದುರಿಗಿರುವ ವ್ಯಕ್ತಿಗೆ ಒಪ್ಪುವಂತಿರಬೇಕು. ಇನ್ನೂ ಸ್ವಾರಸ್ಯವೆಂದರೆ, ತಾನೂ ಸಂತೋಷ ಕೊಡದೆ ಇತರರ ಸಂತೋಷಕ್ಕೂ ಅಡ್ಡಿಯಾಗುವವನಲ್ಲೂ ದೋಷವಿದೆ ಎನ್ನುತ್ತಾರೆ ಅವರು.

1981ರ ಫೆಬ್ರವರಿ 1ರ ಕ್ರಿಕೆಟ್ ಪಂದ್ಯ ಹಿರಿಯರಿಗೆ ನೆನಪಿರಬಹುದು. ಮೆಲ್ಬರ್ನ್‌ನಲ್ಲಿ ಕೊನೆಯ ಚೆಂಡಿನಲ್ಲಿ ನ್ಯೂಜಿಲೆಂಡಿಗೆ ಪಂದ್ಯ ಸಮ ಮಾಡಲು ಆರು ಓಟ ಬೇಕಿತ್ತು. ಆಸ್ಟ್ರೇಲಿಯದ ನಾಯಕ ಗ್ರೆಗ್ ಚಾಪೆಲ್ ತಮ್ಮ ಟ್ರೆವರ್‌ಗೆ ಚೆಂಡನ್ನು ನೆಲದ ಮೇಲೆ ಉರುಳಿಸಲು ಹೇಳಿದರು. ಅಂದಿನ ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಆದರೂ ಇಂದಿಗೂ ಜನ ಅದನ್ನು ನಾಚಿಕೆಯ ಗೆಲುವೆಂದೇ ನೆನೆಯುತ್ತಾರೆ. ಏಕೆ? ಕಷ್ಟದ ಚೆಂಡು ಹಾಕಿದ್ದರೆ ಬ್ಯಾಟ್ಸ್‌ಮನ್‌ಗೆ ಒಂದು ಪ್ರಶ್ನೆ ಹಾಕಿದಂತೆ. ಉರುಳಿಸಿದ ಚೆಂಡಿನಲ್ಲಿ ಪ್ರಶ್ನೆಯೇ ಇಲ್ಲ. ಒಳ್ಳೆಯ ಸೇಫ್ಟಿಯಾದರೋ ಒಂದು ಪ್ರಶ್ನೆ: "ಇಲ್ಲಿಂದ ಹೇಗೆ ಬರುತ್ತೀಯ ನೋಡೋಣ." ರೇಯಸ್ ಅಂಥವರು ಅದಕ್ಕೆ ಉತ್ತರ ಕೊಡುತ್ತಾರೆ. ಆದರೆ ಅಂಚಿಗೆ ಬಡಿಸಿ ಚೆಂಡು ತಿರುಗಿಸುವ ಲೆಕ್ಕವನ್ನೇ ಕಲಿಯದ ಹುಡುಗನಿಗೆ ಅದೇ ಪ್ರಶ್ನೆ ಒಂದು ಗೋಡೆ. ಅದು ಪ್ರಶ್ನೆಯೋ ಗೋಡೆಯೋ ಎಂಬುದು ಎದುರಿಗೆ ಯಾರಿದ್ದಾರೆ ಎಂಬುದರ ಮೇಲೆ ನಿಂತಿದೆ.

ಹಾಗಾದರೆ ಬಲ್ಲವನು ಏನು ಮಾಡಬೇಕು? ಕೈ ಸಡಿಲಿಸಿದರೆ ಅವಮಾನ, ಬಿಗಿದರೆ ಗೋಡೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಎಂಟು ಮತ್ತು ಒಂಬತ್ತನೆಯ ಅಧ್ಯಾಯಗಳನ್ನು ಒಟ್ಟಿಗೆ ಓದಿರಿ. ಒಂಬತ್ತನೆಯದರಲ್ಲಿ ಅವರು ಓಟದ ಸ್ಪರ್ಧಿಯ ಹೋಲಿಕೆ ತರುತ್ತಾರೆ, ಗೆಲ್ಲುವಂತೆ ಓಡಬೇಕೆನ್ನುತ್ತಾರೆ. ಕೊರಿಂಥದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯನ್ ಕ್ರೀಡೆಗಳು ನಡೆಯುತ್ತಿದ್ದುದರಿಂದ ಆ ಜನಕ್ಕೆ ಈ ಮಾತು ಚೆನ್ನಾಗಿ ಗೊತ್ತಿತ್ತು. ಆದರೆ ಅದಕ್ಕೂ ಮುಂಚಿನ ಎಂಟನೆಯ ಅಧ್ಯಾಯದಲ್ಲಿ ಅವರು ಬಲ್ಲವರಿಗೆ ಬುದ್ಧಿ ಹೇಳುತ್ತಾರೆ: ನಿಮಗೆ ತಿಳಿವಳಿಕೆಯೂ ಹಕ್ಕೂ ಇರಬಹುದು, ಆದರೆ ಆ ಹಕ್ಕು ದುರ್ಬಲ ಸಹೋದರನ ಬೀಳುವಿಕೆಗೆ ಕಾರಣವಾಗದಿರಲಿ ಎಂದು. ಎರಡೂ ಒಬ್ಬನೇ ಮನುಷ್ಯನ ಮಾತು. ಒಂದು ಇನ್ನೊಂದನ್ನು ರದ್ದುಮಾಡುವುದಿಲ್ಲ.

ನಾನು ಅವನಿಗೆ ಹೇಳಿದ್ದು ಇಷ್ಟು. ಮೇಜಿನ ಮೇಲೆ ಪೂರ್ಣ ಶಕ್ತಿಯಿಂದ ಆಡು, ಅದು ನ್ಯಾಯ. ಬೇಕಾದರೆ ದಾರಿಯನ್ನೂ ಮುಚ್ಚು. ಆದರೆ ಗೆಲ್ಲುವುದಕ್ಕೆ ಬೇಕಾದಷ್ಟು ಮುಚ್ಚು, ನೋಡಿ ಸವಿಯುವುದಕ್ಕಲ್ಲ. ಎದುರಿಗೆ ಗುಳಿ ತೆರೆದಿರುವಾಗ ಚೆಂಡು ಬೀಳಿಸಿ ಆಟ ಮುಗಿಸುವುದೇ ಎಷ್ಟೋ ಸಲ ಹೆಚ್ಚು ದಯೆ. ಮೇಜಿನಿಂದ ಆಚೆ ಬಂದ ಮೇಲೆ ನಿನ್ನ ಸಾಲ ಇನ್ನೂ ತೀರಿಲ್ಲ. ಪಂದ್ಯ ಮುಗಿದಾಗ ಹುಡುಗನ ಹೆಗಲ ಮೇಲೆ ಕೈಯಿಟ್ಟು, "ಬಾರೋ, ಇಲ್ಲಿಂದ ಹೇಗೆ ತಪ್ಪಿಸಿಕೊಳ್ಳಬೇಕು ತೋರಿಸುತ್ತೇನೆ" ಎನ್ನಬೇಕಿತ್ತು. ಗೋಡೆಯನ್ನು ಮತ್ತೆ ಪ್ರಶ್ನೆಯಾಗಿಸುವುದು ಹಾಗೆ.

"ಆಗ ನಾನು ಮುಂದಿನ ಸುತ್ತಿಗೆ ತಯಾರಾಗಬೇಕಿತ್ತಲ್ಲ ಫಾದರ್?" ಎಂದ. ಅದೂ ನಿಜ. ಆದರೆ ಆ ಅರ್ಧ ಗಂಟೆ ಅವನು ಕಳೆದದ್ದು ಚಹಾದ ಅಂಗಡಿಯಲ್ಲಿ. ಅದನ್ನು ಅವನೇ ನೆನಪು ಮಾಡಿಕೊಂಡು ನಕ್ಕ. ನಾಲ್ಕನೆಯ ಆಟದ ಆ "ಚೆನ್ನಾಗಿತ್ತು" ಎಂಬ ಮಾತಿಗೆ ಮಾತ್ರ ನಾನು ಯಾವ ನಿಯಮವನ್ನೂ ಕೊಡಲಿಲ್ಲ. ಅದಕ್ಕೆ ರೆಫರಿ ಇಲ್ಲ. ಅದನ್ನು ಕಾಣಬಲ್ಲುದು ಅವನ ಅಂತಃಸಾಕ್ಷಿಯೊಂದೇ. ಮತ್ತು ಅದು ಆಗಲೇ ಕಂಡಿತ್ತು, ಇಲ್ಲದಿದ್ದರೆ ಅವನು ಅಂದು ಬಾಗಿಲ ಬಳಿ ಕಾಯುತ್ತಿರಲಿಲ್ಲ.

ಅವನು ಹೋದ ಮೇಲೆ ನನಗೆ ನನ್ನದೇ ಮಾತು ಚುಚ್ಚಿತು. ಮೊದಲ ಭಾನುವಾರ ನಾನೇನು ಮಾಡಿದ್ದೆ? ಒಬ್ಬ ಮನುಷ್ಯ ಮನಸ್ಸು ಬಿಚ್ಚಲು ಬಂದಾಗ "ನಿಯಮ ಮೀರಿಲ್ಲ ತಾನೇ" ಎಂಬ ಒಂದು ವಾಕ್ಯವನ್ನು ಅಡ್ಡ ಇಟ್ಟು ಅವನ ದಾರಿ ಮುಚ್ಚಿದ್ದೆ. ದೈವಶಾಸ್ತ್ರ ಓದಿದವನ ಎದುರು ಅವನು ಏನು ತಾನೇ ಹೇಳಬಲ್ಲ? ಅಂದು ನಾನೂ ಸೇಫ್ಟಿ ಆಡಿದ್ದೆ.

ನಮ್ಮ ಮನೆಗಳಲ್ಲೂ ಇಂಥ ಆಟ ನಡೆಯುತ್ತದಲ್ಲವೇ? ಮಾತು ಬಲ್ಲ ಗಂಡ ಮಾತು ಬಾರದ ಹೆಂಡತಿಯನ್ನು ಲೆಕ್ಕ ಹೇಳಿ ಬಾಯಿ ಮುಚ್ಚಿಸುತ್ತಾನೆ. ಓದಿದ ಮಗಳು ಓದದ ತಾಯಿಯ ಪ್ರತಿ ಮಾತಿಗೂ ಕೊಕ್ಕೆ ಹಾಕುತ್ತಾಳೆ. ತಂದೆ ಹದಿನೈದರ ಮಗನೊಡನೆ ವಾದಕ್ಕಿಳಿದು ಪ್ರತಿ ಸಲವೂ ಗೆಲ್ಲುತ್ತಾನೆ, ಮತ್ತು ಒಂದು ದಿನ ಮಗ ವಾದವನ್ನೇ ಬಿಟ್ಟು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ಹೇಳಿದ್ದರಲ್ಲಿ ಸುಳ್ಳಿಲ್ಲ, ನಿಯಮ ಮುರಿದಿಲ್ಲ. ಆದರೆ ಎದುರಿಗಿರುವವರು ಆಡಿದ್ದನ್ನು ಯಾರೂ ನೋಡಲಿಲ್ಲ.

ಕೊನೆಗೊಂದು ಕಥೆ. ಸ್ನೂಕರ್ ಆಟ ಹುಟ್ಟಿದ್ದು ನಮ್ಮ ದೇಶದಲ್ಲೇ, 1875ರಲ್ಲಿ ಜಬಲ್ಪುರದಲ್ಲಿ. ಹುಟ್ಟಿಸಿದವರು ನೆವಿಲ್ ಚೇಂಬರ್ಲೇನ್ ಎಂಬ ಬ್ರಿಟಿಷ್ ಸೇನೆಯ ಕಿರಿಯ ಅಧಿಕಾರಿ; ಮುಂದೆ ಪ್ರಧಾನಿಯಾದವರು ಅದೇ ಹೆಸರಿನ ಬೇರೊಬ್ಬರು. ಆಗ ಇಂಗ್ಲೆಂಡಿನ ಸೇನಾ ಶಾಲೆಯಲ್ಲಿ ಮೊದಲ ವರ್ಷದ ಎಳೆಯ ಹುಡುಗರನ್ನು ಹಾಸ್ಯಕ್ಕೆ "ಸ್ನೂಕರ್" ಎನ್ನುತ್ತಿದ್ದರಂತೆ. ಆಡುವಾಗ ಜೊತೆಗಾರನೊಬ್ಬ ಸುಲಭದ ಚೆಂಡನ್ನು ತಪ್ಪಿಸಿದಾಗ ಚೇಂಬರ್ಲೇನ್ ಅವನನ್ನು "ಸ್ನೂಕರ್" ಎಂದು ಕರೆದರು. ಅವನ ಮುಖ ಬಾಡಿತೇನೋ. ಕೂಡಲೇ, ಈ ಆಟದಲ್ಲಿ ನಾವೆಲ್ಲರೂ ಸ್ನೂಕರ್‌ಗಳೇ ಎಂದು ಸಮಾಧಾನ ಹೇಳಿದರೆಂದು ಅವರೇ ಮುಪ್ಪಿನಲ್ಲಿ ನೆನಪಿಸಿಕೊಂಡಿದ್ದಾರೆ. ಆ ಹೆಸರೇ ಆಟಕ್ಕೆ ನಿಂತಿತು.

ನಮ್ಮ ಯುವಕ ಆಮೇಲೆ ಪಂದ್ಯಾವಳಿ ನಡೆಸಿದವರ ಮೂಲಕ ಆ ತಂದೆಗೆ ಹೇಳಿಕಳುಹಿಸಿದ. ಒಂದು ತಿಂಗಳು ಉತ್ತರವಿರಲಿಲ್ಲ. ಆಮೇಲೊಂದು ಶನಿವಾರ ತಂದೆ ಮಗ ಇಬ್ಬರೂ ಬಂದರು. ಇವನು ಎರಡು ಗಂಟೆ ಅಂಚಿಗೆ ಬಡಿಸುವ ಲೆಕ್ಕ ಹೇಳಿಕೊಟ್ಟ; ಆಮೇಲೆ ಪಂದ್ಯ ಆಡಿದರು. ಹುಡುಗ ಮತ್ತೆ ಸೋತ, 5–2. ಇವನು ಎರಡು ಸಲ ದಾರಿ ಮುಚ್ಚಿದನಂತೆ, ಹುಡುಗ ಒಂದು ಸಲ ತಪ್ಪಿಸಿಕೊಂಡನಂತೆ. ತಂದೆ ಗೋಡೆಗೊರಗಿ ನಿಂತು ಕೊನೆಯವರೆಗೂ ನೋಡಿದರಂತೆ.

ಈ ವಾರ ನಮ್ಮ ಮನೆಯಲ್ಲಿ, ಕೆಲಸದ ಸ್ಥಳದಲ್ಲಿ, ನಮ್ಮ ಸಂಘಗಳ ಸಭೆಯಲ್ಲಿ, ನಮಗಿಂತ ಕಡಿಮೆ ಬಲ್ಲವರೊಬ್ಬರು ಎದುರಿಗೆ ಬಂದಾಗ ಇದನ್ನು ನೆನೆಯೋಣ. ಅವರೊಡನೆ ನಾವು ನಿಜವಾಗಿ ಆಡೋಣ. ಆಟ ಮುಗಿದ ಮೇಲೆ ಅವರನ್ನು ಹಾಗೇ ಬಿಟ್ಟು ಹೋಗದಿರೋಣ.